ಯಾವಾಗಿನಿಂದ ನೋವು

ಅಪ್ಪನ ಚಟ್ಟದ ಬಿದಿರಿಗೆ ಎರಡನೇ ಸುತ್ತು ಹಗ್ಗ ಎಳೆಯುವಾಗ ಅಂಬರೀಶನ ಕೈ ಜಾರಿತು. ಚಿಕ್ಕಪ್ಪ ಚಲಪತಿ ಹಗ್ಗ ಕಿತ್ತುಕೊಂಡು ತಾನೇ ಬಿಗಿದ.

"ಬಂಗಾರಪೇಟೆ ಸರ್ಕಾರಿ ಆಸ್ಪತ್ರೆ ಇಲ್ಲೇ ಇತ್ತು ಕಣ್ಲಾ. ಅದ್ನ ಬಿಟ್ಟು ರಾಬರ್ಟ್‌ಸನ್‌ಪೇಟೆಗ್ಯಾಕೆ ಓದೆ?"

"ಪ್ರೈವೇಟಾದ್ರೆ ಬೇಗ ನೋಡ್ತಾರೆ ಅಂದ್ಕೊಂಡೆ ಚಿಕ್ಕಪ್ಪ."

"ನೋಡಿದ್ರಾ?"

ಅಂಬರೀಶ ಇನ್ನೊಂದು ಬಿದಿರನ್ನು ಹತ್ತಿರಕ್ಕೆ ಎಳೆದುಕೊಂಡ.

ಅಂಗಳದಲ್ಲಿ ಕೂತವರಿಗೆಲ್ಲ ಒಂದೊಂದು ಆಸ್ಪತ್ರೆಯ ಅನುಭವವಿತ್ತು. ಪಕ್ಕದ ಮನೆಯ ಕೋದಂಡಪ್ಪ ಬೀಡಿ ಆರಿಸಿ, "ಓದ ತಿಂಗ್ಳು ನಮ್ಮಾವುಂಗೂ ಇಂಗೇ ಆಯ್ತು. ಸರ್ಕಾರಿ ಆಸ್ಪತ್ರೇಲಿ ಐದು ನಿಮಿಷಕ್ಕೆ ಇಸಿಜಿ ತೆಗೆದ್ರು. ಮಾತ್ರೆ ನುಂಗ್ಸಿ ಆಂಬುಲೆನ್ಸಲ್ಲಿ ಬೆಂಗ್ಳೂರಿಗೆ ಕಳಿಸಿದ್ರು. ಈಗ ಸಂತೆಗೆ ನಡ್ಕೊಂಡೋಯ್ತಾನೆ" ಎಂದ. ಕೋಲಾರದ ಆಸ್ಪತ್ರೆಯಲ್ಲಿ ಎಷ್ಟೇ ಗದ್ದಲವಿದ್ದರೂ ಎದೆನೋವು ಅಂದರೆ ಮೊದಲು ಒಳಗೆ ಕರೆದುಕೊಳ್ಳುತ್ತಾರೆ ಎಂದು ಇನ್ನೊಬ್ಬರು ಹೇಳಿದರು.

ಗಂಡನ ತಲೆಯ ಹತ್ತಿರ ಕೂತಿದ್ದ ಅಶ್ವತ್ಥಮ್ಮನಿಗೆ ಎಲ್ಲವೂ ಕೇಳಿಸುತ್ತಿತ್ತು. ಅರವತ್ತೊಂದು ವರ್ಷದಲ್ಲಿ ವೆಂಕಟೇಶಪ್ಪ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದೇ ಎರಡು ಸಲ. ಮೊದಲನೆಯದು ಅಂಬರೀಶ ಹುಟ್ಟಿದಾಗ.

*

ನಿನ್ನೆ ಬೆಳಿಗ್ಗೆ ಎಂಟಕ್ಕೆ ಆ ಗಾಜಿನ ಬಾಗಿಲ ಆಸ್ಪತ್ರೆಗೆ ಹೋಗಿ ಕೂತವರು ಒಂಬತ್ತೂವರೆಯಾದರೂ ಕೂತೇ ಇದ್ದರು. ಕೌಂಟರಿನವಳು ಹೆಸರು ಬರೆದುಕೊಂಡು, ಡಾಕ್ಟರು ರೌಂಡ್ಸಿನಲ್ಲಿದ್ದಾರೆ ಅಂದಿದ್ದಳು. ಅಂಬರೀಶ ಮೂರು ಸಲ ಹೋಗಿ ಕೇಳಿ ಬಂದ. ನೆಲ ಫಳಫಳ ಹೊಳೆಯುತ್ತಿತ್ತು. ವೆಂಕಟೇಶಪ್ಪ ಸಗಣಿ ಮೆತ್ತಿದ ಪಾದಗಳನ್ನು ಬೆಂಚಿನ ಕೆಳಕ್ಕೆ ಎಳೆದುಕೊಂಡು ಬೆವರು ಒರೆಸಿಕೊಳ್ಳುತ್ತಿದ್ದ.

"ಕಾಲು ತೊಳ್ಕೊಂಡು ಬರ್ಬೇಕಿತ್ತು" ಎಂದ.

ಕೊನೆಗೆ ಬಂದ ಚಿಕ್ಕ ವಯಸ್ಸಿನ ಡಾಕ್ಟರು ಇಸಿಜಿ ಕಾಗದ ನೋಡಿದ್ದೇ ಗಾಬರಿಯಾದರು. "ಯಾವಾಗಿನಿಂದ ನೋವು?"

"ಏಳು ಗಂಟೆಯಿಂದ" ಎಂದಳು ಅಶ್ವತ್ಥಮ್ಮ. ಮಗ ಪಕ್ಕದಲ್ಲೇ ನಿಂತಿದ್ದ.

ಡಾಕ್ಟರು ವೆಂಕಟೇಶಪ್ಪನನ್ನೂ ಕೇಳಿದರು. ಅವನು ಒಂದು ಗಳಿಗೆ ಹೆಂಡತಿಯ ಮುಖ ನೋಡಿದ.

"ಊಂ, ಏಳೇ" ಎಂದ.

ಅವನು ಆಡಿದ ಕೊನೆಯ ಮಾತು ಅದು. ಕೋಲಾರಕ್ಕೆ ಸಾಗಿಸಲು ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ನೋವು ಶುರುವಾಗಿದ್ದು ನಸುಕಿನ ನಾಲ್ಕಕ್ಕೆ. "ಎದೆ ಇಡ್ಕೊಂಡಂಗೈತೆ" ಎಂದು ಹಾಸಿಗೆಯಲ್ಲಿ ಎದ್ದು ಕೂತಿದ್ದ.

"ಗ್ಯಾಸಿರ್ಬೇಕು" ಎಂದು ಅಶ್ವತ್ಥಮ್ಮ ಓಮದ ನೀರು ಕಾಸಿ ಕೊಟ್ಟಳು. "ಅಂಬರೀಶನ್ನ ಎಬ್ಬಿಸ್ಲಾ?"

"ಬ್ಯಾಡ. ಗಾಡಿ ಓಡ್ಸಿ ಸುಸ್ತಾಗವ್ನೆ. ಮಲಗ್ಲಿ."

"ಅಂಗಾದ್ರೆ ಆಲು ಕರೆದ್ಬಿಡಿ. ನಂಗೆ ಸೊಂಟ ಬಗ್ಸಕ್ಕಾಗಲ್ಲ. ಡೈರಿಯೋರು ಮುಚ್ಕೊಂಡೋಯ್ತಾರೆ."

ಅವನು ಎರಡೂ ಹಸು ಕರೆದ. ನಡುವೆ ಹಸುವಿನ ಹೊಟ್ಟೆಗೆ ಹಣೆಯಾನಿಸಿ ತುಂಬ ಹೊತ್ತು ಕೂತ. ಅವಳು ಬಾಗಿಲಿನಿಂದಲೇ ನೋಡಿದಳು. ನಿದ್ದೆಗಣ್ಣು ಅಂದುಕೊಂಡಳು. ಡೈರಿಗೆ ಹಾಲು ಹಾಕಿ ಬಂದವನು ಜಗಲಿಯ ಮೇಲೆ ಕುಸಿದಾಗ ಏಳಾಗಿತ್ತು.

*

ಚಟ್ಟ ಸಿದ್ಧವಾಯಿತು. ಚಲಪತಿಗೆ ಅಳು ಉಕ್ಕಿ ಬಂದು ಸಿಟ್ಟಾಯಿತು. "ನಮ್ಮಣ್ಣನ್ನ ಬೆಂಚಿನ ಮ್ಯಾಲೆ ಕೂರ್ಸಿ ಸಾಯ್ಸಿಬಿಟ್ಟೆ ಕಣ್ಲಾ ನೀನು."

ಅಂಬರೀಶ ಮಣ್ಣಿನಲ್ಲಿ ಕೂತುಬಿಟ್ಟ. ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

ಅಶ್ವತ್ಥಮ್ಮ ಗೋಡೆ ಹಿಡಿದು ಎದ್ದಳು. "ಅವುನ್ನ ಬಯ್ಯಬ್ಯಾಡ ಚಲಪತಿ. ಆಸ್ಪತ್ರೇಲಿ ಕಾದಿದ್ದು ಒಂದೂವರೆ ಗಂಟೆ. ಮನೇಲಿ ಮೂರು ಗಂಟೆ ನಾನು ಕಾಯಿಸ್ದೆ. ನಾಲ್ಕಕ್ಕೇ ನೋವು ಅಂದಿದ್ರು. ಆಲು ಕರೀರಿ ಅಂದೆ. ಡಾಕ್ಟ್ರ ತಾವ ಸುಳ್ಳೇಳ್ದೆ. ನನ್ನ ಮಾತು ಉಳಿಸಕ್ಕೆ ಅವರೂ ಸುಳ್ಳೇಳಿ ಓದ್ರು."

ಕೋದಂಡಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಅಂಬರೀಶ ತಲೆಯೆತ್ತಿ ತಾಯಿಯನ್ನು ನೋಡಿದ. ಚಲಪತಿಯೇ ಬಂದು ಅವನ ರಟ್ಟೆ ಹಿಡಿದು ಎಬ್ಬಿಸಿ, ಕೆಂಡದ ಮಡಕೆಯನ್ನು ಕೈಗೆ ಕೊಟ್ಟ. "ಮುಂದೆ ನಡಿ ಮಗ. ಹಿಂದಕ್ಕೆ ತಿರುಗಬಾರ್ದು."

ಚಟ್ಟ ಎತ್ತಿದರು. ಹೆಂಗಸರು ಅಶ್ವತ್ಥಮ್ಮನನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿದರು. ಬೀದಿಯ ತಿರುವಿನಲ್ಲಿ ಅಂಬರೀಶ ನಿಂತ. ಎರಡು ಕೈಯಲ್ಲೂ ಮಡಕೆಯಿದ್ದುದರಿಂದ ಕಣ್ಣನ್ನು ಭುಜಕ್ಕೆ ಒರೆಸಿಕೊಂಡ. ಆಮೇಲೆ ಹಿಂದಕ್ಕೆ ತಿರುಗಿದ. ಅಶ್ವತ್ಥಮ್ಮ ಕತ್ತು ಚಾಚಿ ನೋಡಿದಳು. ಮಡಕೆಯ ಹೊಗೆ ಅವನ ಮುಖವನ್ನೆಲ್ಲ ಮುಚ್ಚಿತ್ತು.