ಜವಳಿ ಅಂಗಡಿಯ ಟಿವಿ ಬೋರ್ಡು

ಫರ್ಹತ್ ಕುರುಗೋಡಿನ ಜವಳಿ ಅಂಗಡಿಯ ಮುಂಗೋಡೆಗೆ ಟೇಪು ಹಿಡಿದು ಅಕ್ಷರ ಮೂಡುವ ಟಿವಿ ಬೋರ್ಡಿನ ಜಾಗ ಅಳೆಯುತ್ತಿದ್ದಾಗ, ಅಂಗಡಿ ನೋಡಿಕೊಳ್ಳುವ ಜಡೆಮ್ಮ ಅಲ್ಲಿದ್ದ ಕರಿಹಲಗೆಯನ್ನು ಇಳಿಸಿ ಒದ್ದೆ ಬಟ್ಟೆಯಿಂದ ಒರೆಸಿದಳು. ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ಧೂಳು ಬಟ್ಟೆಗೆ ಹತ್ತಿತು. ಒಳಗೆ ಬಾದನಹಟ್ಟಿ ಊರಿನವರು ಮದುವೆ ಜವಳಿ ಗಂಟು ಕಟ್ಟಿಸುತ್ತಿದ್ದರು.

'ಬಾದನಹಟ್ಟಿ ಗಾದೆಪ್ಪನವರ ಮಗಳಿಗೆ ಶುಭವಾಗಲಿ' ಎಂದು ಜಡೆಮ್ಮ ಸೀಮೆಸುಣ್ಣದಿಂದ ಬರೆದಳು. ಗಂಟು ಹೊತ್ತು ಬಂದ ಗಾದೆಪ್ಪ ಹಲಗೆಯ ಮುಂದೆ ನಿಂತುಬಿಟ್ಟ. ಅವನ ಮುದಿ ತಾಯಿ, "ನಮ್ಮ ಹೆಸರು ಎಲ್ಲೈತಿ, ತೋರ್ಸ್ರೋ" ಎಂದಳು.

"ಜವಳಿ ತಗಂಡೋರ ಹೆಸರು ಎಲ್ಲಾರದೂ ಬರೀತೀರೇನ್ರಿ ಅಕ್ಕಾರ?" ಫರ್ಹತ್ ಕೇಳಿದಳು.

"ಬರೀಲಿಲ್ಲಂದ್ರ ಅವರು ಜಾಗ ಬಿಟ್ಟು ಕದಲಂಗಿಲ್ಲವ್ವ. ನಮ್ಮಪ್ಪನ ಕಾಲದಿಂದ ಹಿಂಗ ಐತಿ. ನಿನ್ನ ಟಿವಿಯಾಗೂ ನಾನ ಬರೀಬೌದಲ್ಲ?"

ಫರ್ಹತ್ ಟೇಪು ಸುತ್ತಿಕೊಂಡಳು.

ಜಡೆಮ್ಮನ ತಮ್ಮ ಚಂದ್ರಣ್ಣನಿಗೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಕಡೆ ಅಂಗಡಿ. ಮೂರಕ್ಕೂ ಟಿವಿ ಬೋರ್ಡು ಬೇಕೆಂದು ಫರ್ಹತ್ ಮತ್ತು ಅವಳ ಗಂಡ ರಫೀಕ್‌ಗೆ ಹೇಳಿದ್ದ. ಅದುವರೆಗೆ ಬಣ್ಣದ ಬೋರ್ಡು, ಫ್ಲೆಕ್ಸು ಮಾಡಿಕೊಂಡಿದ್ದವರಿಗೆ ಅದು ದೊಡ್ಡ ಕೆಲಸ. ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತವಳೆಂದು ಯಾವ ಬಗೆಯ ಬೋರ್ಡು ಎಂಬ ಆಯ್ಕೆ ಫರ್ಹತ್‌ಳ ತಲೆಗೆ ಬಿತ್ತು. ಎರಡು ಬಗೆ ಇದ್ದವು. ಒಂದು ಹೈದರಾಬಾದಿನ ಕಂಪನಿಯ ಏರ್ಪಾಡು. ಬಳ್ಳಾರಿಯಲ್ಲಿ ಕುಳಿತೇ ಇಂಟರ್‌ನೆಟ್ಟಿನಲ್ಲಿ ಮೂರೂ ಊರಿನ ಪರದೆ ಬದಲಿಸಬಹುದು, ಬೇರೆ ಕಡೆಯಿಂದ ಆಗದು. ಇನ್ನೊಂದರಲ್ಲಿ ಆಯಾ ಅಂಗಡಿಯಲ್ಲೇ ಒಂದು ಪೆಟ್ಟಿಗೆ, ಒಂದು ಕೀಬೋರ್ಡು; ಅಲ್ಲಿನವರೇ ಬರೆಯಬಹುದು. ಅವಳು ಹೈದರಾಬಾದಿನದೇ ಒಳ್ಳೆಯದು ಎಂದಿದ್ದಳು. ಚಂದ್ರಣ್ಣ ಖುಷಿಯಿಂದ ಒಪ್ಪಿದ್ದ.

ಬಳ್ಳಾರಿಗೆ ಮರಳುವ ಬಸ್ಸಿನಲ್ಲಿ ಅವಳಿಗೆ ಸಮಾಧಾನವಿರಲಿಲ್ಲ. ಜಡೆಮ್ಮ ಫೋನು ಮಾಡಿ, ಗಿರಾಕಿಗಳ ನಡುವೆ ಚಂದ್ರಣ್ಣ ಅದನ್ನು ಎತ್ತಿ, ಹೆಸರು ಹಾಕಿಸುವಷ್ಟರಲ್ಲಿ ಗಂಟು ಊರು ಮುಟ್ಟಿರುತ್ತದೆ. ಸಿರುಗುಪ್ಪದ ಅಂಗಡಿಗೆ ಬರುವ ರಾರಾವಿ ಊರಿನವರಿಗೂ ಇದೇ ಗತಿ. ಅಂಗಡಿಗಳಿಗೆ ಹೋಗಿ ನೋಡದೆ ತಾನು ಹೇಗೆ ಹೇಳಿಬಿಟ್ಟೆ?

"ಆಡಿದ ಮಾತು ತಿರುವಿದ್ರ ಬಳ್ಳಾರಿ ಬ್ರೂಸ್‌ಪೇಟೆದಾಗ ನಮಗ ಯಾರು ಕೆಲಸ ಕೊಡ್ತಾರ?" ರಾತ್ರಿ ಮನೆಯಲ್ಲಿ ಅವಳು ಎಲ್ಲ ಹೇಳಿದ ಮೇಲೆ ರಫೀಕ್ ಕೇಳಿದ.

"ತಪ್ಪು ನಂದೈತ್ರಿ. ನಾನ ಹೇಳ್ತೀನಿ."

ಮರುದಿನ ಬಳ್ಳಾರಿ ಅಂಗಡಿಯಲ್ಲಿ ಚಂದ್ರಣ್ಣ ಗಾದಿಯ ಮೇಲೆ ಕುಳಿತು ಅವಳ ಮಾತನ್ನು ಕೊನೆಯವರೆಗೂ ಕೇಳಿದ. ಮುಖ ಗಂಟಾಯಿತು.

"ಮೊನ್ನಿ ಹೈದರಾಬಾದಿಂದು ಚಲೋ ಅಂದಿ, ಇವತ್ತು ಬ್ಯಾಡ ಅಂತಿ. ಯಾವ ಫರ್ಹತಮ್ಮನ ಮಾತು ನಂಬ್ಲಿ ನಾನು?"

"ಕುರುಗೋಡಿಗೆ ಹೋಗಿ ಬಂದಾಕಿ ಮಾತು ನಂಬ್ರಿ ಅಣ್ಣಾರ."

"ಇಲ್ಲೇ ಕುಂತು ಮೂರೂ ಊರು ಆಡಸ್ಬೇಕಂತ ಮಾಡಿದ್ನಲ್ಲ."

"ಅಕ್ಕಾರನ್ನ ಆಡಸಾಕ ಆಗ್ತೈತೇನ್ರಿ?"

ಬಾಯಿ ಮೀರಿ ಬಂದ ಮಾತಿಗೆ ಅವಳೇ ಹೆದರಿದಳು. ಸೀರೆ ಮಡಿಸುತ್ತಿದ್ದವರು ತಲೆ ತಗ್ಗಿಸಿ ನಕ್ಕರು. ಚಂದ್ರಣ್ಣನೂ ನಕ್ಕುಬಿಟ್ಟ.

"ಹುಟ್ಟಿದಾಗಿಂದ ಆಗಿಲ್ಲ ತಗಾ! ಆತು, ಪೆಟ್ಟಿಗಿಂದ ಹಾಕ್ರಿ. ಆದ್ರ ಆಕಿಗೆ ನೀನ ಕಲಸ್ಬೇಕು. ಬೈದ್ರ ನನ್ನ ಕಡಿ ಅಳಕೋತ ಬರಬ್ಯಾಡ."

ಜಡೆಮ್ಮ ಬೈದೇ ಕಲಿತಳು. "ಈ ಅಕ್ಷರ ಯಾವನು ಹಿಂಗ ಚೆಲ್ಲಾಪಿಲ್ಲಿ ಇಟ್ಟಾನ?" ಎಂದು ದಿನವೂ ಕೇಳುತ್ತಿದ್ದಳು.

ಮುಂದಿನ ಲಗ್ನದ ದಿನಗಳಲ್ಲಿ ಫರ್ಹತ್ ಮತ್ತೆ ಕುರುಗೋಡಿಗೆ ಹೋದಾಗ ಒಂದು ಮನೆಯವರು ಜವಳಿ ಮುಗಿಸಿ ಬೀದಿಗೆ ಇಳಿದಿದ್ದರು. ಜಡೆಮ್ಮ ಕನ್ನಡಕ ಏರಿಸಿ ಒಂದೇ ಬೆರಳಿನಲ್ಲಿ ಕೀಬೋರ್ಡಿನ ಅಕ್ಷರ ಹುಡುಕುತ್ತಿದ್ದಳು. ಫರ್ಹತ್ ನೆರವಿಗೆ ಹೋಗದಂತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

ಮೇಲೆ ಪರದೆಯಲ್ಲಿ ಊರಿನ ಹೆಸರು ಮೂಡಿತು. ಬಹಳ ಹೊತ್ತಿನ ಮೇಲೆ ಹುಡುಗಿಯ ಅಪ್ಪನ ಹೆಸರು. ಮದುಮಗಳು ಸೆರಗಿನ ತುದಿ ಕಚ್ಚಿಕೊಂಡು ಮೇಲೆ ನೋಡಿದಳು. ಟ್ರ್ಯಾಕ್ಟರ್ ಶುರುಮಾಡಿ ಕಾಯುತ್ತಿದ್ದ ಅವಳ ಸೋದರಮಾವ ಇಂಜಿನ್ ಆರಿಸಿ ಕೆಳಗಿಳಿದ.