ನಾನೂರ ಹನ್ನೆರಡನೆಯ ಪತ್ರ

ಮೂರನೆಯ ಸಲ ಎದ್ದು ನೀರು ಕುಡಿದು ಬಂದರೂ ಪತ್ರ ಇದ್ದಲ್ಲೇ ಇತ್ತು. ಗುಮಾಸ್ತೆ ಅದನ್ನು ‘ಪರ’ದ ಟ್ರೇಗೆ ಹಾಕಿದಳು, ತೆಗೆದಳು; ‘ವಿರೋಧ’ದ ಟ್ರೇಗೆ ಹಾಕಿದಳು, ಅಲ್ಲಿಂದಲೂ ತೆಗೆದಳು. ಗಾಂಜಾವನ್ನು ಕಾನೂನುಬದ್ಧ ಮಾಡಬೇಕೋ ಬೇಡವೋ ಎಂದು ಸರ್ಕಾರದ ಸಮಿತಿ ಜನರನ್ನು ಕೇಳಿದ್ದೇ ತಡ, ಊರಿಗೆ ಊರೇ ಪೆನ್ನು ಹಿಡಿದು ಕೂತಿತ್ತು. ಒಂದೊಂದನ್ನೂ ಓದಿ, ಒಂದೇ ಸಾಲಿನ ಸಾರಾಂಶ ಬರೆದು, ತಕ್ಕ ಟ್ರೇಗೆ ಸೇರಿಸುವುದು ಅವಳ ಕೆಲಸ. ನೋವಿಗೆ ಅದೇ ಮದ್ದು ಎಂದವರು ಈ ಕಡೆ, ಮಕ್ಕಳ ತಲೆ ಕೆಡುತ್ತದೆ ಎಂದವರು ಆ ಕಡೆ. ನಾನೂರ ಹನ್ನೊಂದು ಪತ್ರಗಳು ತಕರಾರಿಲ್ಲದೆ ಹೋಗಿ ಕೂತಿದ್ದವು.

ನಾನೂರ ಹನ್ನೆರಡನೆಯದು ಅವಳ ಅಮ್ಮನದು.

ಬೆಳಿಗ್ಗೆ ಡಬ್ಬಿ ಕಟ್ಟಿಕೊಟ್ಟು ಕಳಿಸಿದ ಅಮ್ಮ ಈ ಪತ್ರದ ಬಗ್ಗೆ ತುಟಿಪಿಟಕ್ಕೆಂದಿರಲಿಲ್ಲ.

‘ಗಾಂಜಾ ನನ್ನ ಮಗನನ್ನು ಹಾಳು ಮಾಡಿತು. ಟೀವಿಯಲ್ಲಿ ವಾರ್ತೆ ಓದುವವಳು ತನ್ನನ್ನೇ ಬೈಯುತ್ತಾಳೆ ಎನ್ನುತ್ತಿದ್ದ. ಅದನ್ನು ಅಂಗಡಿಯಲ್ಲಿಟ್ಟು ಮಾರಬೇಡಿ. ಆದರೆ ಸೇದಿದವರನ್ನು ಹಿಡಿಯಲೂಬೇಡಿ. ಪೊಲೀಸರ ಹೆದರಿಕೆಗೆ ಎರಡು ವರ್ಷ ಅವನನ್ನು ಹಿಂದಿನ ಕೋಣೆಯಲ್ಲಿಟ್ಟೆವು. ಮೊದಲೇ ತಂದಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಅಂದರು ಡಾಕ್ಟರು. ನಾನು ಆಸ್ಪತ್ರೆ ಅಂದೆ, ಮಗಳು ಬೇಡ ಅಂದಳು. ಅವಳ ತಪ್ಪಲ್ಲ. ಸುದ್ದಿ ಹೊರಬಿದ್ದರೆ ಅವಳ ನೌಕರಿ ಹೋಗುತ್ತಿತ್ತು.’

‘ಅವಳ ತಪ್ಪಲ್ಲ’ ಎಂಬಲ್ಲಿ ಅವಳಿಗೆ ಅಮ್ಮನ ಮೇಲೆ ಮೈಯೆಲ್ಲ ಉರಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಷ್ಟು ವರ್ಷ ಎಲ್ಲ ತಪ್ಪನ್ನೂ ಆ ಸೊಪ್ಪಿನ ತಲೆಗೆ ಕಟ್ಟಿ ಹಾಯಾಗಿದ್ದಳು. ಈಗ ಕುರ್ಚಿಯಲ್ಲಿ ಕೂರಲಾಗುತ್ತಿಲ್ಲ.

ಪತ್ರವನ್ನು ಮಡಚಿ ಚೀಲಕ್ಕೆ ತುರುಕಿದಳು. ಎದುರು ಮೇಜಿನ ಮುದ್ರೆ ಮಾವ ಕನ್ನಡಕದ ಮೇಲಿಂದ ನೋಡಿದರು. ಬಂದ ಪತ್ರಕ್ಕೆಲ್ಲ ಸಂಖ್ಯೆ ಒತ್ತುವುದೇ ಅವರ ಕೆಲಸವಾದ್ದರಿಂದ ಆ ಹೆಸರು.

“ನಾನೂರ ಹನ್ನೆರಡು ಎಲ್ಲಿ ಹೋಯ್ತಮ್ಮಾ?”

“ಓದ್ತಾ ಇದೀನಿ ಮಾವ.”

“ಚೀಲದೊಳಗೇನಾ? ಒಳ್ಳೆ ಕಣ್ಣು ಕಣಮ್ಮ ನಿಂದು. ನಾಲ್ಕು ಗಂಟೆಗೆ ಅಧ್ಯಕ್ಷರಿಗೆ ಲೆಕ್ಕ ಒಪ್ಪಿಸ್ಬೇಕು. ಒಂದು ಕಮ್ಮಿಯಾದ್ರೆ ನನ್ನ ತಲೆಗೇ ಬರತ್ತೆ.”

ಅವಳು ಪತ್ರ ತೆಗೆದು ಮೇಜಿನ ಮೇಲಿಟ್ಟು, ಮೊಬೈಲು ಹಿಡಿದು ಮೆಟ್ಟಿಲ ಹತ್ತಿರ ಹೋದಳು.

“ತಲುಪಿತಾ?” ಎಂದರು ಅಮ್ಮ, ಹಲೋ ಕೂಡ ಅನ್ನದೆ.

“ಮನೇಲೇ ಹೇಳಬಹುದಿತ್ತಲ್ಲ ಅಮ್ಮ.”

“ಹೇಳೋಕೆ ಬಂದಾಗೆಲ್ಲ ನೀನು ಎದ್ದು ಹೋಗ್ತಿ. ಆಫೀಸಲ್ಲಾದ್ರೆ ಪೂರ್ತಿ ಓದಲೇಬೇಕಲ್ಲ, ಸಂಬಳ ಕೊಡ್ತಾರೆ.”

ಆಚೆ ಕಡೆ ತಮ್ಮ ಏನೋ ಕೇಳುತ್ತಿದ್ದ. ಮಾತ್ರೆಯಿಂದ ಅವನ ನಾಲಿಗೆ ದಪ್ಪವಾಗಿತ್ತು.

“ಅಕ್ಕ ಊಟ ಮಾಡಿದ್ಲಾ ಅಂತ ಕೇಳ್ತಾನೆ,” ಎಂದರು ಅಮ್ಮ.

“ಮಾಡಿದೆ ಅನ್ನು,” ಎಂದಳು. ಡಬ್ಬಿ ಇನ್ನೂ ತೆರೆದಿರಲಿಲ್ಲ.

ವಾಪಸು ಬಂದಾಗ ಪತ್ರ ಮುದ್ರೆ ಮಾವನ ಕೈಯಲ್ಲಿತ್ತು. “ಪೂರ್ತಿ ಓದಿದೆ. ಮಾರಬೇಡಿ, ಹಿಡೀಲೂ ಬೇಡಿ ಅಂತಾಳೆ ಈ ತಾಯಿ. ಇದು ಪರಾನಾ, ವಿರೋಧಾನಾ?”

“ಎರಡೂ.”

“ಅಂಥ ಟ್ರೇ ನಮ್ಮಲ್ಲಿಲ್ಲಮ್ಮ. ‘ಯುವಕನಿಗೆ ಹಾನಿ’ ಅಂತ ಬರೆದು ವಿರೋಧಕ್ಕೆ ಹಾಕಿಬಿಡು. ಆ ಮಗಳ ವಿಷಯ ಯಾಕೆ ಪಾಪ, ಬಿಟ್ಟುಬಿಡು.”

ಬಿಟ್ಟುಬಿಡಬಹುದಿತ್ತು. ಸಾರಾಂಶ ಒಂದೇ ಸಾಲು. ಅದರಲ್ಲಿ ಮಗಳಿಗೆ ಜಾಗವಿಲ್ಲ ಎಂದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಆಮೇಲೆ ಪತ್ರವನ್ನಷ್ಟೇ ತೆಗೆದುಕೊಂಡು ಕಾರಿಡಾರಿನ ಕೊನೆಯವರೆಗೆ ನಡೆದು, ಅಧ್ಯಕ್ಷರ ಬಾಗಿಲು ತಟ್ಟಿದಳು.

“ಸಾರಾಂಶ ನಾಲ್ಕಕ್ಕಲ್ವಾ?” ಎಂದರು ಅಧ್ಯಕ್ಷೆ, ತಲೆಯೆತ್ತದೆ.

“ಇದನ್ನ ನೀವೇ ಪೂರ್ತಿ ಓದಬೇಕು ಮೇಡಂ.”

“ಯಾರದು?”

“ನನ್ನ ತಮ್ಮನ ವಿಷಯ,” ಎಂದಳು.

ಹದಿನಾಲ್ಕು ವರ್ಷದ ನೌಕರಿಯಲ್ಲಿ, ಆ ಕಟ್ಟಡದೊಳಗೆ, ತನಗೊಬ್ಬ ತಮ್ಮನಿದ್ದಾನೆಂದು ಅವಳು ಹೇಳಿದ್ದು ಅದೇ ಮೊದಲು.