ಏಳು ತಿಂಗಳ ನಿದ್ದೆ

ಕೊಹಿನೂರ ಎಂಬ ಹಳ್ಳಿಯ ವೈಜನಾಥನಿಗೆ ಸುಳ್ಳು ಹೇಳುವವರನ್ನು ಕಂಡರಾಗದು. ಮಗಳು ತುಳಜಾಬಾಯಿಯನ್ನು ನೋಡಲು ಬಂದ ಇಬ್ಬರು ಗಂಡುಗಳನ್ನು ಅದೇ ಕಾರಣಕ್ಕೆ ಚಹಾ ಆರುವ ಮೊದಲೇ ಸಾಗಹಾಕಿದ್ದ. ಎಪ್ಪತ್ತೆರಡರ ಬೇಸಿಗೆಯಲ್ಲಿ ಮನೆಯವರ ಜೊತೆ ಬಂದವನು ಹುಮನಾಬಾದ್ ಕಡೆಯ ಘಾಟಬೋರಾಳದ ಹಣಮಂತ, ಲಡಾಖಿನಲ್ಲಿ ಸಿಪಾಯಿ. ಬಾಗಿಲ ಮರೆಯಿಂದ ನೋಡಿದ ತುಳಜಾಬಾಯಿಗೆ ಹುಡುಗ ಮೊದಲ ನೋಟಕ್ಕೇ ಹಿಡಿಸಿಬಿಟ್ಟ. ಇವನಾದರೂ ಬಾಯಿ ಬಿಗಿಹಿಡಿದು ಕೂತರೆ ಸಾಕಿತ್ತು.

ಕೂರಲಿಲ್ಲ, ಪುಣ್ಯಾತ್ಮ. ಅಲ್ಲಿ ಏನೇನು ನೋಡಿದಿ ಎಂದು ವೈಜನಾಥ ಕೇಳಿದ್ದೇ ತಡ, ಶುರು ಹಚ್ಚಿಕೊಂಡ.

"ಗುಡ್ಡದ ಮ್ಯಾಲ ಫಿಯಾ ಅಂತ ಒಂದು ಪ್ರಾಣಿ ಅದರಿ. ಅಳಿಲಿನ ಜಾತಿದು, ಆದ್ರ ಬೆಕ್ಕಿಗಿಂತ ದೊಡ್ಡದು. ಬ್ಯಾಸಿಗ್ಯಾಗ ಹುಲ್ಲು ತಿಂದು ಕೊಬ್ಬತದ. ನಮ್ಮನ್ನ ನೋಡಿದ್ರ ಹಿಂಗಾಲ ಮ್ಯಾಲ ನಿಂತು ಸೀಟಿ ಹೊಡಿತದ. ಥಂಡಿ ಬಂತಂದ್ರ ಇಡೀ ಮನೆತನ ಬಿಲದಾಗ ಹೋಗಿ, ಒಳಗಿಂದ ಮಣ್ಣು ಕಲ್ಲು ಜಡದು ಬಾಯಿ ಮುಚ್ಚಿ, ಏಳು ತಿಂಗಳ ಮಲಗತದ್ರಿ."

"ಒಳಗ ಕಾಳು ಕೂಡಿಸಿ ಇಟ್ಟಿರತದೇನು?"

"ಒಂದು ಕಡ್ಡಿ ಸುದ್ದಾ ಇಲ್ರಿ. ಮೈಯಾನ ಕೊಬ್ಬೇ ಕರಗತದ. ಎದಿ ಬಡಿತ ನಿಂತಂಗೇ ಆಗತದ."

ವೈಜನಾಥನ ಮುಖ ಕಪ್ಪಿಟ್ಟಿತು. ಅವನ ಅಂಗಳದಲ್ಲೇ ಹಗೇವು ಇತ್ತು, ಜೋಳ ತುಂಬಿ ಬಾಯಿ ಮುಚ್ಚುವ ನೆಲಮಾಳಿಗೆ. ತೆರೆದು ಗಾಳಿಯಾಡಲು ಬಿಡದೆ ಅದರೊಳಗೆ ಇಳಿದವನು ಹೆಣವಾಗುತ್ತಾನೆಂದು ಆ ಸೀಮೆಯ ಮಕ್ಕಳಿಗೂ ಗೊತ್ತು.

"ಮುಚ್ಚಿದ ಹಗೇವಿನ್ಯಾಗ ಏಳು ತಿಂಗಳ! ಅದೂ ಉಪಾಸ! ನನಗ ಏನಂತ ತಿಳದಿ, ತಮ್ಮಾ? ಚಹಾ ಕುಡದು ನಡೀರಿ."

ಹಣಮಂತ ತಲೆ ತಗ್ಗಿಸಿ ಎದ್ದ. ನೋಡಲು ಬಂದವರೆದುರು ಹೆಣ್ಣು ಬಾಯಿ ತೆರೆಯಬಾರದೆಂಬುದು ರಿವಾಜು. ತುಳಜಾಬಾಯಿಗೆ ಸಿಟ್ಟು ನೆತ್ತಿಗೇರಿತು. ರಿವಾಜು ಹಾಳಾಗಲಿ ಎಂದು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಸಲಿಕೆ ಹಿಡಿದು ಮನೆಯ ಹಿಂದಿನ ಒಣ ಹಳ್ಳಕ್ಕೆ ಇಳಿದಳು. ಎಲ್ಲರೂ ಬೆರಗಾಗಿ ಹಿಂದೆಯೇ ಬಂದರು. ಬಿರಿದ ಮಣ್ಣನ್ನು ಬೆವರು ಸುರಿಸಿ ಅಗೆದು, ಒಂದು ಹೆಂಟೆ ಎತ್ತಿ ಅಪ್ಪನ ಅಂಗೈಯಲ್ಲಿಟ್ಟು ಒಡೆದಳು. ಒಳಗೆ ದಪ್ಪ ಕಪ್ಪೆಯೊಂದು ಕಾಲು ಮಡಚಿ ಮಲಗಿತ್ತು. ಬಿಸಿಲು ತಾಗಿ ಮೆಲ್ಲಗೆ ಕಣ್ಣು ಬಿಟ್ಟಿತು.

"ಯಪ್ಪಾ, ಹಳ್ಳ ಬತ್ತಿ ಎಷ್ಟು ದಿನ ಆತು? ಅವತ್ತಿಂದ ಮಣ್ಣಾಗ ಮುಚ್ಚಿಕೊಂಡು ಮಲಗೇದ. ಇದಕ್ಕ ಗಾಳಿ, ರೊಟ್ಟಿ ನೀ ಕೊಟ್ಟಿ ಏನು?"

ವೈಜನಾಥ ಕಪ್ಪೆಯನ್ನು ನೋಡಿದ, ಮಗಳನ್ನು ನೋಡಿದ. ಆಮೇಲೆ ಹಳ್ಳವೆಲ್ಲ ಕೇಳುವಂತೆ ನಕ್ಕು, "ಸುಮನಬಾಯಿ, ಸಕ್ಕರಿ ತಾ!" ಎಂದು ಹೆಂಡತಿಯನ್ನು ಕೂಗಿದ. ಆ ಸೀಮೆಯಲ್ಲಿ ಬಾಯಿಗೆ ಸಕ್ಕರೆ ಬಿದ್ದರೆ ಸಂಬಂಧ ಗಟ್ಟಿಯಾದಂತೆ.

ಹಣಮಂತ ಇನ್ನೂ ಕಣ್ಣು ಪಿಳುಕಿಸುತ್ತಿದ್ದ. ತುಳಜಾಬಾಯಿಗೆ ಕಾಯುವ ತಾಳ್ಮೆ ಎಲ್ಲಿಯದು! ಅವ್ವ ತಂದ ಸಕ್ಕರೆಯನ್ನು ಮಣ್ಣಿನ ಕೈಯಿಂದಲೇ ತೆಗೆದು, ಎಲ್ಲರೆದುರೇ ಅವನ ಬಾಯಿಗೆ ತುಂಬಿದಳು.

"ಇನ್ನ ಎಷ್ಟು ಬೇಕಾದ್ರೂ ಹೇಳ್ರಿ," ಎಂದಳು. "ಕೇಳಾಕ ನಾ ಇದ್ದೀನಿ."